ಕೊನೆಯ ಪೊಟ್ಟಣ

ನನ್ನ ಸೋದರಮಾವನ ಬಳಿ ಓದಲು ಪುಸ್ತಕ ಕೇಳಿಕೊಂಡು ಬಂದವರಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ "ವಯಸ್ಸೆಷ್ಟು?" ಎಂಬುದು. ಎರಡನೆಯದು "ನಿದ್ದೆ ಸರಿಯಾಗಿ ಬರುತ್ತಾ?" ಮುಂದಿನದಾಗಿ ಎಲ್ಲಿ ನಾಲಿಗೆ ಚಾಚಿ ಎಂದುಬಿಡುತ್ತಾರೋ ಎಂದು ನನಗೆ ಪ್ರತಿಸಲವೂ ದಿಗಿಲು. ಹೆಸರು, ಕೆಲಸ, ಹಿಂದೆ ಏನು ಓದಿದ್ದೀರಿ, ಏನು ಇಷ್ಟ, ಇವೊಂದೂ ಅವರಿಗೆ ಬೇಡ. ವಯಸ್ಸು ಗೊತ್ತಾದರೆ ಪ್ರಮಾಣ ಗೊತ್ತಾಯಿತು, ಪ್ರಮಾಣ ಗೊತ್ತಾದರೆ ಪುಸ್ತಕ ತಾನಾಗಿ ಗೊತ್ತಾಯಿತು ಎಂಬುದು ಅವರ ಸಿದ್ಧಾಂತ. ಬೀದಿಯವರೆಲ್ಲ ಅವರನ್ನು ಡೋಸ್ ಮಾವ ಎನ್ನುತ್ತಿದ್ದರು. ಮಾವನಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು, ನಾವು ಯಾರೂ ತಿದ್ದಲು ಹೋಗಲಿಲ್ಲ.

ಮಾವ ಕಾಂಪೌಂಡರ್ ಆಗಿದ್ದವರು. ಒಬ್ಬರೇ ಡಾಕ್ಟರ ಕೈಕೆಳಗೆ, ಒಂದೇ ಕಿಟಕಿಯ ಹಿಂದೆ ಕೂತು, ಊರಿನ ಕೆಮ್ಮು, ನೆಗಡಿ, ಹೊಟ್ಟೆನೋವುಗಳಿಗೆಲ್ಲ ಪೊಟ್ಟಣ ಕಟ್ಟಿ ತಲೆ ನರೆಸಿಕೊಂಡವರು. ಡಾಕ್ಟರು ತೀರಿಕೊಂಡ ಮೇಲೆ ಅವರ ಮಗ ಕ್ಲಿನಿಕ್ಕನ್ನು ಮೊಬೈಲ್ ಅಂಗಡಿ ಮಾಡಿದ. ಮಾತ್ರೆ, ಪುಡಿಗಳನ್ನು ಇಡುತ್ತಿದ್ದ ಗೂಡುಗೂಡಿನ ದೊಡ್ಡ ಬೀರುವನ್ನು "ನೆನಪಿಗೆ ಇಟ್ಕೊಳ್ಳಿ" ಎಂದು ಮಾವನಿಗೆ ದಾಟಿಸಿದ. ನೆನಪಿಗೆಂದು ಜನ ಗಡಿಯಾರ ಕೊಡುತ್ತಾರೆ, ಪೆನ್ನು ಕೊಡುತ್ತಾರೆ. ಇದು ಬಾಗಿಲಲ್ಲಿ ಹಿಡಿಸದೆ, ಚೌಕಟ್ಟಿನ ಒಂದು ಮೂಲೆಯನ್ನೇ ಕಿತ್ತುಕೊಂಡು ಒಳಗೆ ಬಂತು. ಅತ್ತೆ ಅಡುಗೆಮನೆಯಿಂದ ಬಂದು ಆ ಮೂಲೆಯನ್ನು ನೋಡಿದರು, ಕೆಳಗೆ ಬಿದ್ದ ಚಕ್ಕೆ ಆರಿಸಿಕೊಂಡರು, ಏನೂ ಹೇಳದೆ ಒಳಗೆ ಹೋದರು. ಅತ್ತೆ ಏನೂ ಹೇಳದಿರುವುದು ಆ ಮನೆಯಲ್ಲಿ ಸುದ್ದಿಯೇ ಅಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದಾದರೆ ಆ ಮನೆಯ ಬೆಳ್ಳಿಯೆಲ್ಲ ಮಾವನದು, ಬಂಗಾರವೆಲ್ಲ ಅತ್ತೆಯದು.

ನಾನು ಕೆಲಸದ ನೆಪದಲ್ಲಿ ಅವರ ಮನೆ ಸೇರಿಕೊಂಡವಳು, ಆದ್ದರಿಂದ ಎಲ್ಲವನ್ನೂ ಕಣ್ಣಾರೆ ಕಂಡೆ. ಬೀರು ಖಾಲಿ ನಿಂತಿರುವುದನ್ನು ಮಾವನಿಗೆ ನೋಡಲಾಗಲಿಲ್ಲ. ಮನೆಯಲ್ಲಿ ಪುಸ್ತಕಗಳಿಗೇನೂ ಬರವಿರಲಿಲ್ಲ. ಕಂಡವರಿಗೆಲ್ಲ ಓದಿಸಬೇಕೆಂಬ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ಆದರೆ ದಪ್ಪ ಪುಸ್ತಕ ಒಯ್ದವರು ಅದನ್ನು ಕಿಟಕಿ ಬಡಿದುಕೊಳ್ಳದಂತೆ ಅಡ್ಡ ಇಡುತ್ತಾರೆ ಎಂಬುದು ಅವರ ಅನುಭವ. ರೋಗಿಯ ಕೈಗೆ ಪೂರ್ತಿ ಬಾಟಲಿ ಕೊಟ್ಟರೆ ಕುಡಿಯುವುದಿಲ್ಲ, ಹೊತ್ತು ಹೊತ್ತಿಗೆ ಇಷ್ಟಿಷ್ಟು ಎಂದರೆ ಕುಡಿಯುತ್ತಾನೆ. ಹಾಗಾಗಿ ಮಾವ ಒಂದು ಬ್ಲೇಡು ತೆಗೆದುಕೊಂಡು ತಮ್ಮ ಪುಸ್ತಕಗಳ ಹೊಲಿಗೆ ಬಿಚ್ಚಿದರು. ಒಂದೊಂದು ಪುಸ್ತಕವನ್ನು ಕಂತು ಕಂತಾಗಿ ಬೇರ್ಪಡಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ಗೂಡುಗಳಲ್ಲಿ ಜೋಡಿಸಿದರು. ಒಂದು ಪೊಟ್ಟಣ ಓದಿ ವಾಪಸು ತಂದರೆ ಮುಂದಿನದು. ಕೊಡುವಾಗ ತಪ್ಪದೆ ಹೇಳುತ್ತಿದ್ದ ಮಾತು ಒಂದೇ. "ಕೋರ್ಸ್ ಪೂರ್ತಿ ಮಾಡ್ಬೇಕು. ಅರ್ಧಕ್ಕೆ ಬಿಟ್ರೆ ಕಾಯಿಲೆ ಮರುಕಳಿಸುತ್ತೆ."

ಯಾವ ಕಾಯಿಲೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮಾವನಿಗೂ ಗೊತ್ತಿರಲಿಕ್ಕಿಲ್ಲ.

ವಯಸ್ಸಿಗೆ ತಕ್ಕ ಮದ್ದಿನ ವಿಚಾರದಲ್ಲಿ ಮಾತ್ರ ಅವರು ಬಲು ಕಟ್ಟುನಿಟ್ಟು. ಚಿಕ್ಕ ಮಕ್ಕಳಿಗೆ ಕಾಡು, ಕರಡಿ, ಕಳ್ಳರು, ಊಟಕ್ಕೆ ಮೊದಲು. ಹರೆಯದವರಿಗೆ ಪ್ರೇಮಕಥೆ, ಆದರೆ ಬರೀ ಪ್ರೇಮ ಕೊಟ್ಟರೆ ಉಷ್ಣ, ಜೊತೆಗೆ ಒಂದಿಷ್ಟು ಪ್ರವಾಸಕಥನ ಬೆರೆಸಬೇಕು. ಸಂಸಾರಸ್ಥರಿಗೆ ಪತ್ತೇದಾರಿ, ಏಕೆಂದರೆ ಮನೆಯ ಸಮಸ್ಯೆ ಬಗೆಹರಿಯದಿದ್ದರೂ ಪುಸ್ತಕದಲ್ಲಿ ಕೊಲೆಗಾರನಾದರೂ ಸಿಗುತ್ತಾನೆ. ಎಪ್ಪತ್ತು ದಾಟಿದವರಿಗೆ ವೇದಾಂತ ಕೊಡಲೇಕೂಡದು, ಅದು ಅವರ ಮೈಯಲ್ಲಿ ಮೊದಲೇ ಮಿತಿಮೀರಿ ಇರುತ್ತದೆ. ಅವರಿಗೆ ಹಾಸ್ಯ, ಮಲಗುವ ಮುಂಚೆ, ಬಿಸಿನೀರಿನೊಂದಿಗೆ.

ಬಂದವರು ಕಡಿಮೆಯೇನಲ್ಲ. ಆದರೆ ಅವರಲ್ಲಿ ಒಂದು ವಿಶೇಷ ನಾನು ಗಮನಿಸಿದೆ. ತನಗಾಗಿ ಪುಸ್ತಕ ಕೇಳಿದವರು ಅಪರೂಪ. ಎಲ್ಲರಿಗೂ ಬೇಕಾದದ್ದು ಇನ್ನೊಬ್ಬರಿಗೆ ಕೊಡುವ ಪುಸ್ತಕ. ಬ್ಯಾಂಕಿನ ಗುಮಾಸ್ತ ಬಂದು, "ನಮ್ಮ ಮ್ಯಾನೇಜರಿಗೆ ಸ್ವಲ್ಪ ಮನುಷ್ಯತ್ವ ಬರೋ ಥರದ್ದು ಏನಾದ್ರೂ ಇದೆಯಾ?" ಎಂದ. ಒಬ್ಬ ತಂದೆ ಬಂದು, "ನನ್ನ ಮಗ ಇಡೀ ದಿನ ಮೊಬೈಲು ಹಿಡ್ಕೊಂಡೇ ಕೂತಿರ್ತಾನೆ, ಪುಸ್ತಕ ಅಂದ್ರೆ ಮೂಗು ಮುರೀತಾನೆ" ಎಂದು ದುಃಖ ತೋಡಿಕೊಂಡರು. ತೋಡಿಕೊಳ್ಳುವಾಗ ಅವರ ಹೆಬ್ಬೆರಳು ತಮ್ಮ ಮೊಬೈಲಿನ ಮೇಲೆ ಓಡುತ್ತಲೇ ಇತ್ತು. ಮೂಲೆಮನೆಯ ಹೆಂಗಸು ಸೊಸೆಗೆ ತಗ್ಗಿಬಗ್ಗಿ ನಡೆಯುವುದನ್ನು ಕಲಿಸುವ ಪುಸ್ತಕ ಬೇಕೆಂದರು. ಮಾರನೆಯ ದಿನ ಅದೇ ಸೊಸೆ ಬಂದು, "ನಮ್ಮತ್ತೆಗೆ ಒಂದು ಕೊಡಿ ಮಾವ. ಯಾವುದಾದ್ರೂ ಆಗ್ಲಿ, ದಪ್ಪ ಇರ್ಲಿ, ಬೇಗ ಮುಗೀಬಾರ್ದು" ಎಂದಳು. ಮಾವ ಇಬ್ಬರಿಗೂ ಒಂದೇ ಕೊಲೆಯ ಕಥೆಯ ಬೇರೆ ಬೇರೆ ಪೊಟ್ಟಣ ಕೊಟ್ಟು ಕಳಿಸಿದರು. ಮುಂದೇನಾಯಿತೆಂದು ತಿಳಿಯಲು ಅತ್ತೆ ಸೊಸೆಯನ್ನು, ಹಿಂದೇನಾಗಿತ್ತೆಂದು ತಿಳಿಯಲು ಸೊಸೆ ಅತ್ತೆಯನ್ನು ಮಾತಾಡಿಸಲೇಬೇಕಾಯಿತು. ಮಾವನ ಜೀವಮಾನದಲ್ಲಿ ನಿಜವಾಗಿ ಗುಣವಾದ ಕೇಸು ಅದೊಂದೇ ಎಂದು ನನ್ನ ಲೆಕ್ಕ.

ಇನ್ನು ಅವರ ಗುಟ್ಟಿನ ವಿಷಯ. ಮಾವ ಪ್ರತಿ ಪುಸ್ತಕದ ಕೊನೆಯ ಪೊಟ್ಟಣವನ್ನು ತಾವಾಗಿ ಯಾರಿಗೂ ಕೊಡುತ್ತಿರಲಿಲ್ಲ. ಬೀರುವಿನ ಕೆಳಗಡೆ 'ವಿಷ' ಎಂದು ಕೆಂಪಕ್ಷರದಲ್ಲಿ ಬರೆದ ಒಂದು ಗೂಡಿತ್ತು. ಕ್ಲಿನಿಕ್ಕಿನ ಕಾಲದಲ್ಲಿ ಡಾಕ್ಟರನ್ನು ಬಿಟ್ಟು ಮಾವ ಮಾತ್ರ ತೆರೆಯುತ್ತಿದ್ದ ಗೂಡು ಅದು. ಎಲ್ಲ ಪುಸ್ತಕಗಳ ಕೊನೆಗಳೂ ಅಲ್ಲಿ. ಕೊನೆಯದಕ್ಕಿಂತ ಒಂದು ಹಿಂದಿನ ಪೊಟ್ಟಣ ವಾಪಸು ಬಂದಾಗ ಮಾವ ಸುಮ್ಮನೆ ಮುಖ ನೋಡುತ್ತ ಕೂರುತ್ತಿದ್ದರು. ನಿಜವಾಗಿ ಓದಿದವನು ಮುಂದಿನದೆಲ್ಲಿ ಎಂದು ಕೇಳಿಯೇ ಕೇಳುತ್ತಾನೆ. ಕೇಳಿದವರಿಗೆ ಗೂಡು ತೆರೆಯುತ್ತದೆ. ಕೇಳದವರು ಓದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಿದ್ದರು.

ಮಕ್ಕಳು ಮಾತ್ರ ತಪ್ಪದೆ ಕೇಳುತ್ತಿದ್ದರು. ಇಷ್ಟುದ್ದದ ಒಂದು ಹುಡುಗಿ ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಾಗಿಲು ಬಡಿದು, "ತಾತ, ಕರಡಿ ಬಾವಿಗೆ ಬಿತ್ತಲ್ಲ, ಮೇಲೆ ಬಂತಾ?" ಎಂದು ದಬಾಯಿಸಿತ್ತು. ದೊಡ್ಡವರು ಹಾಗಲ್ಲ. "ತುಂಬಾ ಚೆನ್ನಾಗಿತ್ತು, ಮನಸ್ಸಿಗೆ ತಟ್ಟಿತು" ಎಂದು ಎದೆ ಮುಟ್ಟಿಕೊಂಡು ಹೋಗುತ್ತಿದ್ದರು. ಕರಡಿ ಬಾವಿಯಲ್ಲೇ ಉಳಿಯುತ್ತಿತ್ತು. ಎದುರುಮನೆಯ ವಿಮೆ ಏಜೆಂಟರಂತೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಯಾವುದೋ ಸಂಜೆಯ ಕೂಟದಲ್ಲಿ 'ನನ್ನ ಮೆಚ್ಚಿನ ಪುಸ್ತಕ' ಎಂದು ಮಾತಾಡುತ್ತ, ಅಂತ್ಯವನ್ನು ಓದುಗನ ಕಲ್ಪನೆಗೇ ಬಿಟ್ಟಿರುವುದು ಈ ಕೃತಿಯ ದೊಡ್ಡಸ್ತಿಕೆ ಎಂದು ಹೊಗಳಿ ಚಪ್ಪಾಳೆ ಗಿಟ್ಟಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಾವ ಮನೆಗೆ ಬಂದು ಬಿದ್ದು ಬಿದ್ದು ನಕ್ಕರು. "ಕೊನೆ ಇಲ್ಲ ಅನ್ನೋದೇ ಗೊತ್ತಾಗಲಿಲ್ವಲ್ಲ ಮಹಾರಾಯನಿಗೆ. ಅಂಥವನು ಓದಿದ್ರೆಷ್ಟು ಬಿಟ್ರೆಷ್ಟು." ಅತ್ತೆ ಅವರ ಮುಂದೆ ಟೀ ಇಟ್ಟು ಹೋದರು.

ಇಷ್ಟೆಲ್ಲ ನಗುವ ಮಾವನಿಗೆ ಒಂದು ದೊಡ್ಡ ನೋವಿತ್ತು. ಊರಿಗೆಲ್ಲ ಓದಿಸಿದ ಮನುಷ್ಯನ ಹೆಂಡತಿ ಪುಸ್ತಕ ಮುಟ್ಟುವುದಿಲ್ಲ. ಬಂದವರ ಮುಂದೆಲ್ಲ ಅವರು ಅದನ್ನು ಹೇಳಿಕೊಳ್ಳುತ್ತಿದ್ದರು, ಅದೂ ಅಡುಗೆಮನೆಗೆ ಕೇಳಿಸುವ ಹಾಗೆ. "ನಮ್ಮ ಮನೆಯವಳೊಬ್ಬಳು ಬಿಟ್ಟು ಇಡೀ ಬೀದಿ ಓದುತ್ತೆ ಸ್ವಾಮಿ. ಏನ್ಮಾಡೋದು, ಹಿತ್ತಲ ಗಿಡ ಮದ್ದಲ್ಲ." ನನಗೆ ಆಗೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು. ಅತ್ತೆಗೆ ಏರುತ್ತಿತ್ತೋ ಇಲ್ಲವೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಮಾವನ ಆ ನೋವಿನ ಮೂಲ ಮದುವೆಯಾದ ಹೊಸದರಲ್ಲಿದೆ. ಮಾವನಿಗೆ ಪ್ರಾಣದಂಥ ಒಂದು ಕಾದಂಬರಿಯಿತ್ತು. ರಟ್ಟು ಹೋಗಿ, ಮೊದಲ ಹಾಳೆ ಹರಿದು, ಹೆಸರೂ ಇಲ್ಲ, ಬರೆದವರೂ ಇಲ್ಲ. ಗಡಿಯಾರ ರಿಪೇರಿ ಮಾಡುವವನೊಬ್ಬ, ಅವನ ಹೆಂಡತಿ, ಅವರ ಒಂದು ಕೋಣೆಯ ಸಂಸಾರ. ನವವಧುವಿನ ಮುಂದೆ ನಾಲ್ಕು ಮಾತಾಡಲು ಆಗ ಮಾವನಿಗೆ ನಾಚಿಕೆಯಂತೆ. ಆಮೇಲೆ ಆ ನಾಚಿಕೆ ಎಲ್ಲಿ ಹೋಯಿತೋ ನನಗೆ ತಿಳಿಯದು. ಮಾತಿನ ಬದಲು ಆ ಕಾದಂಬರಿಯನ್ನೇ ಪೊಟ್ಟಣಗಳಾಗಿ ಕಟ್ಟಿ ಕೈಗಿಟ್ಟು, "ಹೆಂಡತಿ ಅಂದ್ರೆ ಹೇಗಿರ್ಬೇಕು ಅಂತ ನನ್ನ ಮನಸ್ಸಲ್ಲಿದೆಯೋ ಅದು ಇದರಲ್ಲಿದೆ, ಓದು" ಎಂದರು. ಕೊನೆಯ ಪೊಟ್ಟಣ ಮಾತ್ರ ಕ್ಲಿನಿಕ್ಕಿನ ವಿಷದ ಗೂಡಿನಲ್ಲಿಟ್ಟುಕೊಂಡರು. ಅವಳು ಓದಿ ಮುಗಿಸಿ, ಕಣ್ಣರಳಿಸಿ, ಮುಂದೇನಾಯಿತು ಎಂದು ಕೇಳುತ್ತಾಳೆ, ಆಗ ತಾನೇ ಕೈಯಾರೆ ಕೊಡಬೇಕು ಎಂಬುದು ಆಸೆ. ಆ ಆಸೆಯಿಂದಲೇ ಮುಂದಿನ ಇಡೀ ಪೊಟ್ಟಣದ ವಿದ್ಯೆ ಹುಟ್ಟಿದ್ದು.

ಅತ್ತೆ ಸ್ವಲ್ಪ ದಿನ ಬಿಟ್ಟು ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು "ಇಲ್ಲಿದೆ" ಎಂದರು, ಅಷ್ಟೇ. ಏನೂ ಕೇಳಲಿಲ್ಲ. ಮಾವ ಇವಳು ಬಿಚ್ಚಿಯೂ ನೋಡಿಲ್ಲ ಎಂದುಕೊಂಡರು. ಆಮೇಲೆ ಕೊಟ್ಟ ಪುಸ್ತಕಗಳ ಕಥೆಯೂ ಹಾಗೇ. ಆದರೂ ಆ ಒಂದು ಪೊಟ್ಟಣವನ್ನು ಅವರು ಎಸೆಯಲಿಲ್ಲ. ಬೀರು ಮನೆಗೆ ಬಂದಾಗ ಅದೂ ಅದೇ ಗೂಡಿನಲ್ಲಿ ಮನೆಗೆ ಬಂತು, ಎಲ್ಲದರ ಅಡಿಗೆ. ಒಮ್ಮೆ ನಾನು ಅದಕ್ಕೆ ಕೈ ಹಾಕಿದಾಗ ಕೈ ಮೇಲೆ ಏಟು ಬಿತ್ತು. "ಅದು ನಿನ್ನ ಡೋಸ್ ಅಲ್ಲ. ಯಾರದ್ದೋ ಅವರು ಕೇಳ್ಬೇಕು." ಹೇಳುವಾಗ ಅವರ ದನಿ ಇಳಿದಿತ್ತು. ಮುದುಕನಿಗೆ ಇನ್ನೂ ಆಸೆ ಬಿಟ್ಟಿಲ್ಲ ಎಂದು ನನಗೆ ಅಂದೇ ತಿಳಿಯಿತು, ಪಾಪ ಎನಿಸಿತು.

ಹೀಗಿರುವಾಗ ಮಾವನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಮೊದಲೇ ಮಂಜು, ಇನ್ನೊಂದಕ್ಕೆ ಆಪರೇಷನ್ ಆಯಿತು. ಓದಬಾರದು, ಬಗ್ಗಬಾರದು, ಕಣ್ಣುಜ್ಜಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಮಾತಾಡಬಾರದು ಎಂದು ಮಾತ್ರ ಮರೆತರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತ ಮಾವ ಇಡೀ ದಿನ ಗೊಣಗಿದರು. ನಾನು ಓದಿ ಹೇಳಿದರೆ ಪದ ನುಂಗುತ್ತೀಯ ಎಂದರು. ರೇಡಿಯೋ ಹಾಕಿದರೆ ಅದು ಔಷಧಿಯಲ್ಲ, ಶರಬತ್ತು ಎಂದರು. ಭಾನುವಾರದ ಮಧ್ಯಾಹ್ನ ಊಟವಾದ ಮೇಲೆ ಇದ್ದಕ್ಕಿದ್ದಂತೆ ಮೆತ್ತಗಾದರು.

"ಲೇ ಹುಡುಗಿ, ಈ ಕಣ್ಣು ಬರುತ್ತೋ ಇಲ್ವೋ ಯಾರಿಗೆ ಗೊತ್ತು. ಆ ವಿಷದ ಗೂಡಲ್ಲಿ ತೀರಾ ಅಡಿಗೆ ಒಂದು ಪೊಟ್ಟಣ ಇದೆ, ತಗೊಂಡು ಬಾ. ನುಂಗದೆ ಓದು. ಒಂದ್ಸಲ ಕೇಳಿಬಿಡ್ತೀನಿ."

ಅತ್ತೆ ಅದೇ ಕೋಣೆಯಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ನಾನು ಪೊಟ್ಟಣ ಬಿಚ್ಚಿದೆ. ಹಾಳೆಗಳು ಹಳದಿಯಾಗಿದ್ದವು, ಮಡಿಕೆಯಲ್ಲಿ ಮುರಿಯುವಂತಿದ್ದವು. ಮೊದಲ ಸಾಲು ಓದಿದೆ. "ಆಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು."

"ಯಾರು?" ಎಂದರು ಅತ್ತೆ.

ಅತ್ತೆ ತಾವಾಗಿ ಪ್ರಶ್ನೆ ಕೇಳಿದ್ದು ನಾನು ಕಂಡಂತೆ ಅದೇ ಮೊದಲು. ನಾನು ತಬ್ಬಿಬ್ಬಾಗಿ, "ಗಡಿಯಾರ ರಿಪೇರಿಯವನ ಹೆಂಡತಿ" ಎಂದೆ.

"ಹೊರಗೆ ಎಲ್ಲಿ ಬರ್ತಾಳೆ ಅವಳು. ಲೋಟ ತೊಳೆದು ಬೋರಲು ಹಾಕ್ತಾಳೆ, ದೀಪ ಸಣ್ಣ ಮಾಡ್ತಾಳೆ. ಅಲ್ಲಿಗೆ ಮುಗೀತಲ್ಲ."

ಮಾವ ಕುರ್ಚಿಯಲ್ಲಿ ನೆಟ್ಟಗಾದರು. ಪಟ್ಟಿ ಕಟ್ಟಿದ ಮುಖ ದನಿ ಬಂದ ಕಡೆಗೆ ತಿರುಗಿತು. "ಅದು ನಿನಗೆ ಹೇಗೆ ಗೊತ್ತು?"

"ಓದಿದ್ದೀನಲ್ಲ."

"ಯಾವಾಗ?"

"ನೀವು ಕೊಟ್ಟಾಗ."

ಮಾವ ಕುರ್ಚಿಯ ಅಂಚಿಗೆ ಸರಿದರು. "ಮತ್ತೆ ಕೊನೆ ಎಲ್ಲಿ ಅಂತ ಯಾಕೆ ಕೇಳಲಿಲ್ಲ?"

ಅತ್ತೆ ಕೈಯಲ್ಲಿದ್ದ ಅಂಗಿಯ ತೋಳು ಸರಿಪಡಿಸಿದರು. "ಕೊನೆ ಅದೇ ಅಂದ್ಕೊಂಡೆ. ಕಥೆ ಪೂರ್ತಿ ಅವನೇ ಮಾತಾಡ್ತಾನೆ, ಅವಳು ಹೂಂ ಅಂತಾಳೆ. ಕೊನೆಗೆ ಲೋಟ ತೊಳೀತಾಳೆ. ನಮ್ಮಮ್ಮಂದೂ ಹಾಗೇ ಮುಗೀತು, ನಮ್ಮಜ್ಜಿದೂ ಹಾಗೇ ಮುಗೀತು. ಇದಕ್ಕೆ ಬೇರೆ ಕೊನೆ ಇರುತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು. ಹೆಂಡತಿ ಅಂದ್ರೆ ಹೇಗಿರ್ಬೇಕು ಅನ್ನೋದು ಇದರಲ್ಲಿದೆ ಅಂತ ನೀವೇ ಹೇಳಿ ಕೊಟ್ರಿ. ಹಾಗೇ ಇದ್ದೆ."

ವಿಮೆ ಏಜೆಂಟರ ಮೇಲೆ ಬಿದ್ದು ಬಿದ್ದು ನಕ್ಕ ಮನುಷ್ಯ ಈಗ ನಗಲಿಲ್ಲ. ತಾನು ಹಿಡಿದಿಟ್ಟುಕೊಂಡ ಆ ನಾಲ್ಕು ಹಾಳೆ ಏನು ಮಾಡಿತು ಎಂಬುದು ಅವರಿಗೆ ಅರ್ಥವಾಗುತ್ತಿರುವುದನ್ನು ನಾನು ನೋಡುತ್ತಿದ್ದೆ. ನೋಡಲು ಸುಖವಾಗಿರಲಿಲ್ಲ.

"ಉಳಿದ ಪುಸ್ತಕಗಳು?" ಎಂದರು ಮೆಲ್ಲಗೆ.

"ಎಲ್ಲಾ ಓದಿದ್ದೀನಿ, ನೀವು ಕ್ಲಿನಿಕ್ಕಿಗೆ ಹೋದಾಗ. ಕರಡಿದೂ ಓದಿದ್ದೀನಿ."

"ಒಂದಿನಾನೂ ಹೇಳಲಿಲ್ವಲ್ಲೇ ನೀನು."

"ಹೇಳೋಕೆ ಬಿಟ್ರಲ್ವಾ. ಓದಿದ್ಯಾ ಅಂತ ಕೇಳ್ತಿದ್ರಿ. ನಾನು ಬಾಯಿ ತೆಗೆಯೋ ಮೊದಲೇ 'ಎಲ್ಲಿ ಓದ್ತೀಯ ನೀನು' ಅಂತ ಉತ್ತರಾನೂ ನೀವೇ ಕೊಡ್ತಿದ್ರಿ."

ಮಾವ ಪಟ್ಟಿಯ ಮೇಲೆ ಕೈಯಿಟ್ಟುಕೊಂಡರು. "ನಮ್ಮಮ್ಮನೂ ಹಾಗೇ ಕಣೇ. ಬಾಯಿಗೆ ಬೀಗ ಹಾಕ್ಕೊಂಡೇ ಹೋಗ್ಬಿಟ್ಲು. ನನ್ನ ಹೆಂಡತಿ ಹಾಗಾಗ್ಬಾರ್ದು ಅಂತ ನನಗಿತ್ತು. ಆ ಕೊನೇ ಪೊಟ್ಟಣದಲ್ಲಿ ಅವಳು ಮಾತಾಡ್ತಾಳೆ. ಅದಕ್ಕೇ ನಾನು ಆ ಪುಸ್ತಕ ನಿನಗೆ ಕೊಟ್ಟಿದ್ದು."

ನನಗೆ ಅಳುವುದೋ, ಮಾವನ ತಲೆಯ ಮೇಲೆ ಒಂದು ಮೊಟಕುವುದೋ ತಿಳಿಯಲಿಲ್ಲ. ಹೆಂಡತಿ ಬಾಯಿ ಬಿಡಲಿ ಎಂದು ಹಂಬಲಿಸಿ, ಬಾಯಿ ಬಿಡುವ ಭಾಗವನ್ನು ಬೀಗದೊಳಗಿಟ್ಟು, ಆಮೇಲೆ ಜೀವಮಾನ ಪೂರ್ತಿ ತಾನೇ ಮಾತಾಡಿದ ಇಂಥ ಗಂಡ ಇನ್ನೊಬ್ಬ ಇರಲಾರ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಇವರು ಆ ಕತ್ತಲೆಯಲ್ಲಿ ಹೆಂಡತಿಯನ್ನು ಕೂರಿಸಿ ಬೀದಿಗೆಲ್ಲ ಬೆಳಕು ಹಂಚಿದವರು.

ಅತ್ತೆ ಬಟ್ಟೆಯ ರಾಶಿ ಪಕ್ಕಕ್ಕೆ ಸರಿಸಿ ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡರು. "ನೀನು ಹೋಗಿ ಟೀ ಇಡು" ಎಂದರು. ಅವರೂ ಯಾರಿಗಾದರೂ ಟೀ ಇಡಲು ಹೇಳಬಲ್ಲರು ಎಂಬುದೇ ನನಗೆ ಹೊಸದು.

ಅಡುಗೆಮನೆಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಅಲ್ಲಿ ನಿಂತಾಗಲೇ ನನಗೆ ತಿಳಿದದ್ದು. ಅತ್ತೆ ಮೊದಲು ತಡವರಿಸುತ್ತ ಓದಿದರು. ಗಡಿಯಾರದವನ ಹೆಂಡತಿ ಹೊರಗೆ ಬಂದು, "ನಿಮ್ಮ ಮಾತು ಮುಗಿಯಿತೇ? ಇನ್ನು ನನ್ನದು ಕೇಳಿ" ಎನ್ನುತ್ತಾಳೆ. ಆಮೇಲೆ ಅವಳು ನಿಲ್ಲಿಸುವುದೇ ಇಲ್ಲ. ಊರವರ ಗಡಿಯಾರವೆಲ್ಲ ಸರಿಮಾಡಿ ಸ್ವಂತ ಮನೆಯ ಹೊತ್ತು ನೋಡದವನಿಗೆ ಏನೇನು ಹೇಳಬೇಕೋ ಅಷ್ಟನ್ನೂ ಹೇಳುತ್ತಾಳೆ. ಹೋಗುತ್ತ ಹೋಗುತ್ತ ಅತ್ತೆಯ ದನಿ ಬಿಗಿಯಾಯಿತು, ಏರಿತು. ಪದಗಳನ್ನು ಅವರು ಒಂದಿಷ್ಟೂ ನುಂಗಲಿಲ್ಲ. ಟೀ ಕುದಿಯಿತು, ನಾನು ಇಳಿಸಿದೆ, ಸೋಸಿದೆ, ಓದು ಮುಗಿಯಲಿಲ್ಲ. ಅಷ್ಟು ತೆಳು ಪೊಟ್ಟಣದಲ್ಲಿ ಇಷ್ಟೊಂದು ಮಾತು ಹೇಗೆ ಹಿಡಿಸಿತು ಎಂದು ನನಗೆ ಆಶ್ಚರ್ಯ.

ಲೋಟಗಳನ್ನು ಹಿಡಿದು ಬಾಗಿಲಿಗೆ ಬಂದಾಗ ಅತ್ತೆ ಹೇಳುತ್ತಿದ್ದರು. "ಅಷ್ಟು ದೊಡ್ಡ ಬೀರು ಒಳಗೆ ತರೋ ಮೊದಲು ಒಂದು ಮಾತು ನನ್ನನ್ನ ಕೇಳಿದ್ರಾ? ಚೌಕಟ್ಟಿನ ಮೂಲೆ ಕಿತ್ತು ಹೋಯ್ತು. ಇವತ್ತಿನವರೆಗೂ ನನ್ನ ಸೆರಗು ಅದಕ್ಕೆ ಸಿಕ್ಕಿ ಹರೀತಿದೆ. ಅದನ್ನ ಒಂದ್ಸಲ ಬಗ್ಗಿ ನೋಡಿದ್ರಾ?"

ಗಡಿಯಾರದವನ ಮನೆಯಲ್ಲಿ ಬೀರು ಇರಲಿಲ್ಲ. ನೋಡಿದರೆ ಹಾಳೆಗಳು ಯಾವಾಗಲೋ ಮುಗಿದು, ಮಡಚಿದ ಬಟ್ಟೆಯ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು. ಅತ್ತೆಯ ಕೈಗಳು ಖಾಲಿ ಇದ್ದವು.

ಮಾವ ಅಲುಗಾಡದೆ ಕೇಳುತ್ತಿದ್ದರು. ಪಟ್ಟಿಯ ಅಂಚಿನಿಂದ ನೀರು ಇಳಿಯುತ್ತಿತ್ತು. ಆಪರೇಷನ್ ಆದ ಕಣ್ಣು, ಅಳಬೇಡಿ ಎನ್ನಲು ಹೊರಟವಳು ಸುಮ್ಮನಾದೆ. ಅವರಿಗೆ ನಾಚಿಕೆಯಾಗಿತ್ತು, ಖುಷಿಯೂ ಆಗಿತ್ತು, ಎರಡೂ ಮುಖದ ಮೇಲೇ ಇದ್ದವು. ಹಿತ್ತಲ ಗಿಡದ ವಿಷಯಕ್ಕೆ ಅತ್ತೆ ಬಂದಾಗ ಮಾತ್ರ ಅವರು ಮೆಲ್ಲಗೆ ಕೈಯೆತ್ತಿದರು.

"ಇವತ್ತಿಗೆ ಇಷ್ಟು ಸಾಕು ಇವಳೇ. ಉಳಿದದ್ದು ನಾಳೆಗೆ ಇಟ್ಕೋ."

"ಕೋರ್ಸ್ ಪೂರ್ತಿ ಮಾಡ್ಬೇಕು" ಎಂದರು ಅತ್ತೆ. "ಅರ್ಧಕ್ಕೆ ಬಿಟ್ರೆ ಕಾಯಿಲೆ ಮರುಕಳಿಸುತ್ತೆ."

ನನ್ನ ಕೈಯಿಂದ ಟೀ ತೆಗೆದುಕೊಂಡು ಒಂದು ಗುಟುಕು ಕುಡಿದು, ಬಿಟ್ಟಲ್ಲಿಂದ ಮುಂದುವರಿಸಿದರು. ಮಾವ ಹೂಂ ಎಂದರು.